ಅಂತರ್ಧಾನವೂ ಹೆಜ್ಜೆಯ ಸುಂಕವೂ: ಒಂದು ಕಿರು ಮೀಮಾಂಸೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟವನ್ನು ಹೊರತಂದ ಮೇಲೆ, ಮೇಜಿನ ಸುತ್ತ ಕೂತು ವೇಷ ಕಟ್ಟದೆ ಪಾತ್ರ ವಹಿಸುವವರಿಗೆಲ್ಲ ಒಂದು ಧರ್ಮಸಂಕಟ ಅಂಟಿಕೊಂಡಿದೆ. ಇಲ್ಲಿ ಮಾಯವಾಗಿ ಅಲ್ಲಿ ಪ್ರತ್ಯಕ್ಷನಾದವನು ನಡೆದಂತಾಯಿತೋ ಇಲ್ಲವೋ? 2014ರ ಐದನೇ ಆವೃತ್ತಿಯ ಪ್ರಕಾರ ಆರು ಸೆಕೆಂಡಿನ ಒಂದು ಸುತ್ತಿಗೆ ಮನುಷ್ಯನ ನಡಿಗೆ 30 ಅಡಿ. ವೈರಿಯ ಕೈಯಳತೆಯಿಂದ ಕಾಲ್ತೆಗೆದರೆ ಅವನಿಗೊಂದು ಏಟಿನ ಹಕ್ಕು. 'ಮಿಸ್ಟಿ ಸ್ಟೆಪ್' ಮಂತ್ರ ಹಾಕಿ 30 ಅಡಿ ಆಚೆ ಮೂಡಿದರೆ ಮಾತ್ರ ನಡಿಗೆಯೂ ಖರ್ಚಾಗದು, ಏಟೂ ಬೀಳದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಯಕ್ಷಗಾನದಲ್ಲಿ ಈ ವ್ಯಾಜ್ಯ ಎಂದೋ ಇತ್ಯರ್ಥವಾಗಿದೆ, ಅದೂ ಇನ್ನಷ್ಟು ಬಿಗಿಯಾಗಿ. ಮಾಯವಾದವನು ಏಟು ತಪ್ಪಿಸಿಕೊಂಡಾನು, ಸುಂಕ ತಪ್ಪಿಸಿಕೊಳ್ಳಲಾರ ಎಂಬುದೇ ಇಲ್ಲಿಯ ಸಿದ್ಧಾಂತ.

ಮೊದಲು ಏಟಿನ ವಿಚಾರ. ಹನುಮಂತ ನೂರು ಯೋಜನ ಕಡಲನ್ನು ದಾಟಿದ್ದು ನಡುವಿನ ಜಾಗವನ್ನು ಹಾದು. ಆದ್ದರಿಂದಲೇ ಸುರಸೆ ಬಾಯಿ ತೆರೆದು ಅಡ್ಡ ನಿಂತಳು, ಸಿಂಹಿಕೆ ನೆರಳು ಹಿಡಿದೆಳೆದಳು. ಇಬ್ಬರೂ ನಿಯಮ ಮೀರಲಿಲ್ಲ. ಚಿತ್ರಲೇಖೆಯಾದರೋ ದ್ವಾರಕೆಯಲ್ಲಿ ಮಲಗಿದ್ದ ಅನಿರುದ್ಧನನ್ನು ಯೋಗಬಲದಿಂದ ಶೋಣಿತಪುರದ ಅಂತಃಪುರಕ್ಕೆ ತಂದಿಟ್ಟಳು. ದಾರಿಯಲ್ಲಿ ಯಾರೊಬ್ಬರೂ ಕೈ ಎತ್ತಲಿಲ್ಲ, ಹೊತ್ತು ತಂದ ಸರಕೂ ಎಚ್ಚರಗೊಳ್ಳಲಿಲ್ಲ. (ಹೋಗುವಾಗ ಆಕಾಶಮಾರ್ಗ, ಬರುವಾಗ ಯೋಗಬಲ ಎಂಬ ಸೂಕ್ಷ್ಮವನ್ನು ಭಾಗವತ ಪುರಾಣದ ದಶಮಸ್ಕಂಧ ಕಾಪಾಡಿದೆ. ಬರಿಗೈಯಲ್ಲಿ ಹೋಗುವವಳಿಗೆ ಏಟಿನ ಭಯವೇನು?)

ಆದರೆ ಇದೇ ಚಿತ್ರಲೇಖೆ ರಂಗಸ್ಥಳಕ್ಕೆ ಬಂದಳೆನ್ನಿ, ಲೆಕ್ಕ ಬದಲಾಗುತ್ತದೆ. ಅಲ್ಲಿ ಕೋಟೆಯಿಲ್ಲ, ಕಡಲಿಲ್ಲ. ಇರುವುದು ನಾಲ್ಕು ಕಂಬದ ನಡುವಿನ ನೆಲ. ಪ್ರಯಾಣ ಕುಣಿತದಲ್ಲಿ ಒಂದು ಸುತ್ತು ಹಾಕಿದವನು ಹಸ್ತಿನಾವತಿಗೂ ಮುಟ್ಟುತ್ತಾನೆ, ಪಕ್ಕದ ಬಿಡಾರಕ್ಕೂ ಮುಟ್ಟುತ್ತಾನೆ. ಅಂದಮೇಲೆ ದೂರವನ್ನು ಅಳೆಯುತ್ತಿರುವುದು ಅಡಿಯಲ್ಲ, ತಾಳ. ಭಾಗವತರು ಪದ್ಯ ಮುಗಿಸಿ, ಮದ್ದಳೆ ಚಂಡೆಗಳು ಮುಕ್ತಾಯ ಕೊಡುವವರೆಗೆ ಯಾವ ದೇವರೂ ತಲುಪಿದಂತಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳಕ್ಕೆ ಶಿರಸಿ ಕಡೆಯ ನೆಬ್ಬೂರು ನಾರಾಯಣ ಭಾಗವತರು ದಶಕಗಳ ಕಾಲ ಹಾಡಿದರು. ಆ ಲೆಕ್ಕದಲ್ಲಿ ಎಷ್ಟು ಯೋಜನ ದಾರಿ ಅವರೊಬ್ಬರ ಉಸಿರಿನಲ್ಲಿ ಸವೆದಿರಬೇಕು! ಇನ್ನು ಅಂತರ್ಧಾನನಾದ ಕೃಷ್ಣನೂ ಕಿರೀಟ, ಭುಜಕೀರ್ತಿ ಹೊತ್ತು ಚೌಕಿಯವರೆಗೆ ಕಾಲ್ನಡಿಗೆಯಲ್ಲೇ ಹೋಗಬೇಕು. ಅದಕ್ಕೆ ಮಂತ್ರವಿಲ್ಲ.

ಇದೆಲ್ಲ ರಂಗದ ಸಂಕೇತ, ನಿಯಮವಲ್ಲ ಎಂದು ಆಕ್ಷೇಪಿಸಬಹುದು. ಮೀರಿದವನಿಗೆ ಸಭೆಯೆದುರೇ ಮುಖಭಂಗವಾಗುವುದಾದರೆ ಅದು ನಿಯಮವೇ. ಮುಕ್ತಾಯಕ್ಕೆ ಮೊದಲೇ ನಿಂತು ಮಾತು ತೆಗೆದ ವೇಷಧಾರಿಯ ಪಾಡು ಸಭೆಗೆ ಗೊತ್ತು. ಎರಡನೇ ಆಕ್ಷೇಪ ತೂಕದ್ದು. ಮಳೆಗಾಲದ ತಾಳಮದ್ದಳೆಯಲ್ಲಿ ಎಲ್ಲರೂ ಜಮಖಾನೆಯ ಮೇಲೆ ಕೂತೇ ಇರುತ್ತಾರೆ. ಕುಣಿತವಿಲ್ಲ, ಸುತ್ತಿಲ್ಲ, ಹಾಗಾದರೆ ಅಲ್ಲಿಯ ಪ್ರಯಾಣವೆಲ್ಲ ಸುಂಕವಿಲ್ಲದ ಅಂತರ್ಧಾನವಲ್ಲವೆ? ಅಲ್ಲ. ಪದ್ಯದ ಸುಂಕ ಅಲ್ಲೂ ಇದ್ದೇ ಇದೆ. ಮೇಲಾಗಿ 'ಇದೋ ಬಂದೆ' ಎಂದ ಅರ್ಥಧಾರಿಯನ್ನು ಎದುರಾಳಿ ಸುಮ್ಮನೆ ಬಿಡುವುದಿಲ್ಲ. ಯಾವ ಬಾಗಿಲಿಂದ ಬಂದೆ, ದ್ವಾರಪಾಲಕ ತಡೆಯಲಿಲ್ಲವೆ, ಕರೆಯದೆ ಬಂದವನಿಗೆ ಆಸನ ಕೊಡಬೇಕೆಂದು ಯಾವ ಶಾಸ್ತ್ರ ಹೇಳುತ್ತದೆ ಎಂದು ಅವನು ಶುರುವಿಟ್ಟರೆ ಕಾಲು ಗಂಟೆ ಹೋಯಿತು. ಐದನೇ ಆವೃತ್ತಿ ಮನ್ನಾ ಮಾಡಿದ ಏಟು ಇಲ್ಲಿ ಮಾತಿನ ರೂಪದಲ್ಲಿ ಬಡ್ಡಿಸಮೇತ ವಸೂಲಾಗುತ್ತದೆ. ತ್ರಿಲೋಕ ಸಂಚಾರಿ ನಾರದನಿಗೂ ವಿನಾಯಿತಿಯಿಲ್ಲ. ಅವನನ್ನಂತೂ ಬಂದ ಕಾರಣ ಕೇಳದೆ ಬಿಟ್ಟವರುಂಟೆ?

ಆದ್ದರಿಂದ ಮುಂದಿನ ಆವೃತ್ತಿಯ ನಿಯಮ ಬರೆಯುವವರು ಒಂದು ಮಳೆಗಾಲ ಸಿದ್ದಾಪುರಕ್ಕೆ ಬಂದು ತಾಳಮದ್ದಳೆ ಕೇಳಬೇಕೆಂದು ಕೋರಿಕೆ. ಕರಾವಳಿ ಕಡೆಯಿಂದ ಬರುವುದಾದರೆ ಘಟ್ಟ ಹತ್ತಿಯೇ ಬರತಕ್ಕದ್ದು.