ಬಣ್ಣವಿಲ್ಲದ ಮೊಟ್ಟೆ ಮತ್ತು ನೀತಿ ಸಂಹಿತೆ

2024ರಲ್ಲಿ ಚಂದ್ರ ನನ್ನ ಮೇಲೊಂದು ಹಗೆ ಸಾಧಿಸಿದ. ಮಾರ್ಚ್ 25ಕ್ಕೆ ಹೋಳಿ, 31ಕ್ಕೆ ಈಸ್ಟರ್. ಎರಡೂ ಅವನದೇ ಲೆಕ್ಕ: ಹೋಳಿಗೆ ಫಾಲ್ಗುಣದ ಹುಣ್ಣಿಮೆ, ಈಸ್ಟರಿಗೆ ಮಾರ್ಚ್ 21ರಿಂದಾಚೆಗಿನ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರ. ಆ ವರ್ಷ ಒಂದೇ ಹುಣ್ಣಿಮೆ ಎರಡನ್ನೂ ಹೊತ್ತು ತಂದಿತು. ಹೋಳಿಯ ದಿನ ಕೇರಿಯ ಮಕ್ಕಳು ನನ್ನ ತಲೆಗೆ ಮೆತ್ತಿದ ಗುಲಾಬಿ ಬಣ್ಣ ತಲೆಯಿಂದ ದಿಂಬಿಗೆ, ದಿಂಬಿನಿಂದ ಹಾಸಿಗೆಗೆ, ಅಲ್ಲಿಂದ ನಾನು ಒರಗಿಕೊಂಡು ಪೇಪರ್ ಓದುವ ಜಗಲಿಯ ಗೋಡೆಗೆ ವರ್ಗವಾಯಿತು. ಸುಣ್ಣ ಹೊಡೆಸಿ ತಿಂಗಳಾಗಿರದ ಗೋಡೆ. ಹೆಂಡತಿ ಅದನ್ನೂ ನನ್ನನ್ನೂ ಸ್ವಲ್ಪ ಹೊತ್ತು ನೋಡಿ, ‘ಇನ್ನು ಈ ಮನೆಯೊಳಗೆ ಬಣ್ಣ ಅನ್ನೋದು ಬರೂಕಿಲ್ಲ’ ಎಂದಳು. ಅವಳು ನಿವೃತ್ತ ಗಣಿತದ ಟೀಚರು. ಹೇಳಿದ್ದನ್ನು ಎರಡನೇ ಸಲ ಹೇಳುವ ಅಭ್ಯಾಸವಿಲ್ಲ.

ಇಷ್ಟಾದ ಮೇಲೆಯೇ ನನಗೆ ಈಸ್ಟರ್ ಮೊಟ್ಟೆಯ ಹುಚ್ಚು ಹಿಡಿದದ್ದು.

ಅವಳ ತವರು ಕಾರವಾರ. ಅಲ್ಲಿ ಪಕ್ಕದ ಮನೆ ಕ್ರೈಸ್ತರದು. ಚೌತಿಗೆ ಇಲ್ಲಿಂದ ಚಕ್ಕುಲಿ, ಪಂಚಕಜ್ಜಾಯ ಹೋಗುತ್ತದೆ. ಕ್ರಿಸ್‌ಮಸ್ಸಿಗೆ ಅಲ್ಲಿಂದ ನೆವ್ರಿ, ದೊದೊಲು ಬರುತ್ತವೆ. ಇದು ಅವಳ ಅಪ್ಪನ ಕಾಲದಿಂದ ಬಂದ ಡಬ್ಬಿಗಳ ವಿನಿಮಯ. ಈಸ್ಟರಿನ ಕಾಲಂ ಮಾತ್ರ ಖಾಲಿ. ಬ್ಯಾಂಕಿನಲ್ಲಿ ಜೀವಮಾನ ಕಳೆದ ನನಗೆ ಖಾಲಿ ಕಾಲಂ ಕಂಡರೆ ನಿದ್ದೆ ಬರುವುದಿಲ್ಲ. ‘ಅವರು ಶನಿವಾರ ರಾತ್ರಿ ಚರ್ಚಿನ ಪೂಜೆ ಮುಗಿಸಿ, ಭಾನುವಾರ ಸಾನ್ನ, ಮಾಂಸ ಅಂತ ಗಡದ್ದಾಗಿ ಉಂಡು ಮಲಗ್ತರು. ಮೊಟ್ಟೆ ಬಣ್ಣ ಹಾಕೂದೆಲ್ಲ ಟೀವಿಯವರ ಹಬ್ಬ’ ಎಂದಳು ಹೆಂಡತಿ. ಮಾತು ನಿಜವೇ. ಕಾರವಾರ 1976ರಿಂದ ಧರ್ಮಪ್ರಾಂತ್ಯದ ಕೇಂದ್ರ. ಅಲ್ಲಿನವರಿಗೆ ಈಸ್ಟರ್ ಹೇಗೆ ಮಾಡಬೇಕೆಂದು ನಮ್ಮ ಅಂಕೋಲೆಯಿಂದ ಹೋಗಿ ಹೇಳಿಕೊಡಬೇಕಾಗಿಲ್ಲ. ಆದರೆ ಆ ಮನೆಗೆ ದುಬೈಯಿಂದ ಮೊಮ್ಮಕ್ಕಳು ಬಂದಿದ್ದರು. ಮೊಮ್ಮಕ್ಕಳು ಇರುವಲ್ಲಿ ನನ್ನಂಥವನಿಗೆ ಒಂದು ನೆಪ ಇದ್ದೇ ಇರುತ್ತದೆ.

ಮೊದಲ ಸುತ್ತು ಕಾನೂನಿನ ತಕರಾರಿನಲ್ಲೇ ಕಳೆಯಿತು. ಅಂಗಡಿಯ ಬಣ್ಣ ನಿಷಿದ್ಧ, ಒಪ್ಪಿದೆ. ಈರುಳ್ಳಿ ಸಿಪ್ಪೆ? ಹೆದ್ದಾರಿಯ ಬದಿಯಲ್ಲಿ ಕುಮಟಾದ ಸಿಹಿ ಈರುಳ್ಳಿ ಜಡೆ ಹೆಣೆದು ತೂಗಾಡುವ ಕಾಲ. ಅದರ ಸಿಪ್ಪೆಯ ಜೊತೆ ಮೊಟ್ಟೆ ಬೇಯಿಸಿದರೆ ಇಟ್ಟಿಗೆಗೆಂಪು ಬರುತ್ತದೆ. ‘ಬಂದ ಮೇಲೆ ಅದು ಬಣ್ಣವೇ ಅಲ್ದಾ?’ ಎಂದಳು. ಅರಿಶಿನ? ತನ್ನ ನೈಟಿಯ ಅಂಚಿನ ಕಲೆ ತೋರಿಸಿದಳು. ಮುರುಗಲು ಸಿಪ್ಪೆಯ ಹೆಸರೆತ್ತುವ ಮೊದಲೇ ಭರಣಿ ಮೇಲಿನ ಕಪಾಟಿಗೆ ಹೋಗಿತ್ತು.

ಉಳಿದದ್ದು ಬಣ್ಣ ಹಾಕುವ ಬದಲು ಬಣ್ಣ ತೆಗೆಯುವ ದಾರಿ. ಇದು ಶುದ್ಧ ವಿಜ್ಞಾನ. ನಾಟಿ ಕೋಳಿಮೊಟ್ಟೆಯ ಕಂದು, ಚಿಪ್ಪಿನ ಮೇಲ್ಪದರದಲ್ಲಷ್ಟೇ ಇರುತ್ತದೆ, ಒಳಗೆ ಬಿಳಿ. ಕರಗಿಸಿದ ಮೇಣದಲ್ಲಿ ಚಿತ್ರ ಬರೆದು ಮೊಟ್ಟೆಯನ್ನು ವಿನೆಗರಿನಲ್ಲಿ ಮುಳುಗಿಸಿದರೆ ಸುಣ್ಣದ ಚಿಪ್ಪು ಹುಳಿಗೆ ತಾಗಿ ಬುಸಬುಸ ಗುಳ್ಳೆ ಬಿಡುತ್ತದೆ. ಆಮೇಲೆ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಕಂದು ಹೋಗಿ, ಮೇಣದ ಅಡಿಯಲ್ಲಿದ್ದ ಚಿತ್ರ ಮಾತ್ರ ಉಳಿಯುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಚಿಪ್ಪೇ ಕರಗಿ ಮೊಟ್ಟೆ ರಬ್ಬರಾಗುತ್ತದೆ. ಅದೂ ಒಂದು ಆಯಿತು. ಬೆಕ್ಕು ಅದನ್ನು ಮುಟ್ಟಿ ನೋಡಿ ಅಂಗಳ ದಾಟಿತು.

ವಿಜ್ಞಾನ ಕೈಕೊಡಲಿಲ್ಲ. ಕೈಕೊಟ್ಟದ್ದು ಕೈ. ಬೆಂಕಿಕಡ್ಡಿಯ ತುದಿಯಲ್ಲಿ ಶಿಲುಬೆ ಬರೆದೆ. ‘ಇದು ಶಿಲುಬೆಯೋ, ಪ್ಲಸ್ ಚಿಹ್ನೆಯೋ?’ ಗಣಿತದ ಟೀಚರ ಪ್ರಶ್ನೆ. ಕಾರವಾರಕ್ಕೆ ತಕ್ಕಂತೆ ಬಂಗುಡೆ ಬರೆದೆ. ‘ಹಾಗಲಕಾಯಿ ಚೆನ್ನಾಗಿ ಬಂದಿದೆ’ ಎಂದಳು. ಸೋಲುವ ಸ್ವಭಾವ ನನ್ನದಲ್ಲವಾದ್ದರಿಂದ ಹಾಗಲಕಾಯಿಯನ್ನೇ ಇನ್ನೂ ಕೆಲವು ಮೊಟ್ಟೆಗಳ ಮೇಲೆ ಬರೆದೆ.

ಸೆಕೆಯಲ್ಲಿ ಬೇಯಿಸಿದ ಮೊಟ್ಟೆ ಹೆಚ್ಚು ಹೊತ್ತು ತಾಳದು; ಆದ್ದರಿಂದ ಎರಡೂ ತುದಿಗೆ ಸೂಜಿಯಿಂದ ತೂತು ಕೊರೆದು, ಒಳಗಿನ ಭಂಡಾರ ಒಡೆದು, ಊದಿ ಖಾಲಿ ಮಾಡುವುದೆಂದು ಗೊತ್ತುಮಾಡಿದೆ. ಇದನ್ನು ಬರೆದಷ್ಟು ಸುಲಭವಾಗಿ ಮಾಡಬಹುದೆಂದು ತಿಳಿಯಬೇಡಿ. ಕೆನ್ನೆ ಉಬ್ಬುತ್ತದೆ, ಕಿವಿ ಗುಂಯ್ ಎನ್ನುತ್ತದೆ, ಕಣ್ಣು ಹೊರಬರುತ್ತದೆ, ಮೊಟ್ಟೆಯಿಂದ ಮಾತ್ರ ಏನೂ ಬರುವುದಿಲ್ಲ. ಬಂದಾಗ ಒಮ್ಮೆಗೇ ಬರುತ್ತದೆ, ಬಟ್ಟಲಿದ್ದ ದಿಕ್ಕು ಬಿಟ್ಟು. ಬೇಲಿಯಾಚೆಯವರು ‘ಎಂತಾ ರಾಯ್ರೆ, ಶಂಖ ಊದೂಕೆ ಕಲೀತ್ರಾ?’ ಎಂದು ವಿಚಾರಿಸಿದರು. ಊದಿದ್ದರ ಫಲವಾಗಿ ಮನೆಯಲ್ಲಿ ಆಮ್ಲೆಟ್ಟಿನ ಸುಗ್ಗಿ. ಹಿಂದೆ ಯುರೋಪಿನಲ್ಲಿ ಈಸ್ಟರಿಗೆ ಮೊದಲಿನ ನಲವತ್ತು ದಿನದ ವ್ರತದಲ್ಲಿ ಮೊಟ್ಟೆ ತಿನ್ನುವಂತಿರಲಿಲ್ಲ, ಕೋಳಿಗಳು ಮಾತ್ರ ವ್ರತ ಹಿಡಿಯದೆ ಇಡುತ್ತಲೇ ಇದ್ದವು, ಹಾಗೆ ರಾಶಿಬಿದ್ದ ಮೊಟ್ಟೆಗಳೇ ಹಬ್ಬದ ಮೊಟ್ಟೆಗಳಾದವು ಎಂದು ಬೆಳಗಿನ ಆಮ್ಲೆಟ್ ಮುಂದೆ ಉಪನ್ಯಾಸ ಕೊಟ್ಟೆ. ‘ಅವರ ವ್ರತ ಮುಗಿದ ಮೇಲೆ ರಾಶಿ. ನಿಮ್ಮದು ಮೊದಲೇ’ ಎಂದು ಅವಳು ಎದ್ದುಹೋದಳು.

ಶೃಂಗಾರದ ಸಾಮಗ್ರಿ ಸಿಕ್ಕಿದ್ದು ಟ್ರಂಕಿನಲ್ಲಿ, ವರ್ಷಗಳಿಂದ ಕೂಡಿಟ್ಟ ಮದುವೆ ಕರೆಯೋಲೆಗಳ ಕಂತೆ. ಇಂಗ್ಲೆಂಡಿನ ಒಂದನೇ ಎಡ್ವರ್ಡ್ 1290ರಲ್ಲಿ ಈಸ್ಟರಿಗಾಗಿ 450 ಮೊಟ್ಟೆ ಕೊಂಡು ಚಿನ್ನದ ರೇಕು ಸುತ್ತಿಸಿದ್ದನಂತೆ. ಲೆಕ್ಕದ ಪುಸ್ತಕದಲ್ಲಿ 18 ಪೆನ್ಸ್ ಖರ್ಚು ಬರೆದಿದೆ. ನನಗೆ ಅಷ್ಟೂ ಖರ್ಚಿಲ್ಲ. ಕರೆಯೋಲೆಯ ಜರಿಯಂಚು ಕತ್ತರಿಸಿ ಅಂಟಿಸಿದೆ. ಮೊರಾವಿಯಾದ ಹೆಂಗಸರು ಹುಲ್ಲಿನ ಎಸಳು ಅಂಟಿಸಿಯೇ ಮೊಟ್ಟೆಯ ಮೇಲೆ ಕಸೂತಿ ಎಬ್ಬಿಸುತ್ತಾರೆ. ಭತ್ತದ ಹುಲ್ಲಿನಲ್ಲಿ ನಾನೂ ಯತ್ನಿಸಿದೆ. ಹುಲ್ಲು ಮೊಟ್ಟೆಗಿಂತ ಬೆರಳಿಗೆ ಚೆನ್ನಾಗಿ ಅಂಟಿತು.

ಆಮೇಲೆ ಹೊಳೆದದ್ದು ಸುಗ್ಗಿ. ಹೋಳಿಯವರೆಗೂ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ನಮ್ಮ ಅಂಗಳಕ್ಕೂ ಬಂದಿತ್ತು. ಕುಣಿಯುವವರ ತಲೆಯ ಮೇಲಿನ ಆ ಎತ್ತರದ ತುರಾಯಿಯ ಚಂದ ನೋಡಿದವರೇ ಬಲ್ಲರು. ಕರೆಯೋಲೆಯ ಕಾಗದದಲ್ಲಿ ಪುಟ್ಟ ಪುಟ್ಟ ತುರಾಯಿ ಕಟ್ಟಿ ಮೊಟ್ಟೆಗಳ ನೆತ್ತಿಗೆ ಏರಿಸಿದೆ. ತೂತೂ ಮುಚ್ಚಿತು, ಮೊಟ್ಟೆಗೂ ಕಳೆ ಬಂತು. ತುರಾಯಿಯ ಭಾರಕ್ಕೆ ಎಲ್ಲವೂ ಒಂದೇ ಕಡೆ ವಾಲಿ, ಬೆಳಗಿನ ಜಾವ ಕುಣಿದು ದಣಿದ ಮೇಳದಂತೆ ಕಾಣುತ್ತಿದ್ದವು. ‘ಇದು ಸುಗ್ಗಿ ಅಲ್ಲ, ಹಗರಣ’ ಎಂದಳು ಹೆಂಡತಿ. ನಮ್ಮ ಕಡೆ ಹಗರಣವೆಂದರೆ ವೇಷ ಕಟ್ಟಿ ನಗಿಸುವ ಆಟವೂ ಹೌದಾದ್ದರಿಂದ ಅದನ್ನು ಮೆಚ್ಚುಗೆಯ ಖಾತೆಗೆ ಜಮಾ ಮಾಡಿಕೊಂಡೆ.

ಭಾನುವಾರ ಬೆಳಿಗ್ಗೆ ಸ್ಟೀಲ್ ಡಬ್ಬಿಯಲ್ಲಿ ಹತ್ತಿ ಹಾಸಿ, ತೊಡೆಯ ಮೇಲಿಟ್ಟುಕೊಂಡು ಕಾರವಾರದ ಬಸ್ಸು ಹತ್ತಿದೆವು. ಮೂವತ್ತಕ್ಕೂ ಹೆಚ್ಚು ಕಿಲೋಮೀಟರು. ಪ್ರತಿ ಉಬ್ಬಿಗೂ ನಾನು ಸೀಟಿನಿಂದ ಅರ್ಧ ಎದ್ದು ಡಬ್ಬಿಯನ್ನು ಗಾಳಿಯಲ್ಲಿ ಹಿಡಿಯುತ್ತಿದ್ದೆ. ಅದು ಲೋಕಸಭೆ ಚುನಾವಣೆಯ ಕಾಲವೆಂಬುದನ್ನು ಮಾತ್ರ ಮರೆತಿದ್ದೆ. ಮಾರ್ಚ್ 16ರಿಂದ ನೀತಿ ಸಂಹಿತೆ, ನಮ್ಮ ಜಿಲ್ಲೆಗೆ ಮೇ 7ಕ್ಕೆ ಮತದಾನ. ದಾರಿಯಲ್ಲಿ ಬಸ್ಸು ನಿಂತಿತು. ತಪಾಸಣೆಗೆ ಹತ್ತಿದ ಯುವಕ ಎಲ್ಲರ ಚೀಲಗಳನ್ನು ಸುಮ್ಮನೆ ನೋಡುತ್ತ ಬಂದವನು, ಡಬ್ಬಿಯನ್ನು ಎದೆಗವಚಿ ಬೆವರುತ್ತಿದ್ದ ನನ್ನೆದುರು ನಿಂತ. ಮುಚ್ಚಳ ತೆಗೆಸಿದ. ಜರಿ ಥಳಥಳಿಸಿತು.

‘ಯಾರಿಗೆ ಹಂಚೂಕೆ?’

‘ಮಕ್ಕಳಿಗೆ.’

‘ಅವರ ಅಪ್ಪ-ಅಮ್ಮಂಗೆ ಇಲ್ಲಿ ಓಟಿದ್ಯಾ?’

ನನ್ನ ನಾಲಿಗೆ ಒಣಗಿತು. ಅವನು ಒಂದು ಮೊಟ್ಟೆ ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿದ. ಅವಸರದಲ್ಲಿ ಅಂಟಿಸಿದ್ದ ಕಾಗದದ ಮೇಲೆ ಅಚ್ಚುಕಟ್ಟಾದ ಅಕ್ಷರಗಳಿದ್ದವು: ‘ಉಡುಗೊರೆ ಸ್ವೀಕರಿಸುವುದಿಲ್ಲ’. ಅವನು ಎರಡು ಸಲ ಓದಿ, ಮೊಟ್ಟೆಯನ್ನು ಬಹಳ ಗೌರವದಿಂದ ಹತ್ತಿಯ ಮೇಲಿಟ್ಟು, ಮುಂದಿನ ಸೀಟಿಗೆ ಹೋದ.

ಕಾರವಾರದ ಮನೆಯಲ್ಲಿ ಅಜ್ಜಿ ತುರಾಯಿಗಳನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಿರಿಯ ಮೊಮ್ಮಗ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ‘ಒಳಗೆ ಚಾಕೊಲೇಟ್ ಇಲ್ವಾ?’ ಎಂದ.

‘ಒಳಗಿದ್ದದ್ದೆಲ್ಲ ಇಲ್ಲಿದೆ ಪುಟ್ಟಾ’ ಎಂದು ನನ್ನ ಹೆಂಡತಿ ನನ್ನ ಹೊಟ್ಟೆ ತೋರಿಸಿದಳು.

ಬಂದ ಡಬ್ಬಿಯನ್ನು ಖಾಲಿ ಕಳಿಸುವ ಪದ್ಧತಿ ಆ ಮನೆಯಲ್ಲೂ ಇಲ್ಲ. ಹೊರಡುವಾಗ ಅಜ್ಜಿ ಅದನ್ನು ತುಂಬಿಸಿಯೇ ಕೊಟ್ಟರು. ತೂಕ ನೋಡಿ ಸಾನ್ನವಿರಬಹುದೆಂದು ಖುಷಿಯಾದೆ. ಬಸ್‌ಸ್ಟ್ಯಾಂಡಿನಲ್ಲಿ ಮುಚ್ಚಳ ತೆಗೆದರೆ, ಅವರ ಹಿತ್ತಿಲ ಕೋಳಿಗಳ ಹಸಿ ಮೊಟ್ಟೆ.