ಒಂದಕ್ಕೆ ಹೋಗುವ ಸಂಗತಿ

ಮೂತ್ರ ತಯಾರಾಗುವುದು ಸೊಂಟಕ್ಕಿಂತ ತುಸು ಮೇಲೆ, ಬೆನ್ನುಮೂಳೆಯ ಎರಡೂ ಪಕ್ಕಕ್ಕಿರುವ ಮೂತ್ರಪಿಂಡಗಳಲ್ಲಿ. ಇವು ದಿನಕ್ಕೆ ರಕ್ತದಿಂದ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಹೆಚ್ಚುಕಡಿಮೆ ಅಷ್ಟನ್ನೂ ರಕ್ತಕ್ಕೇ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಕಸದ ಸಮೇತ ಹೊರಗೆ ಕಳಿಸುತ್ತವೆ. ಬೆಳಗಾದರೆ ಪೈಪು ಹಿಡಿದು ಮನೆಮುಂದಿನ ರಸ್ತೆ ತೊಳೆಯುವ ಬೆಂಗಳೂರಿನ ಬಸವೇಶ್ವರನಗರದಲ್ಲಿ ನೀರಿನ ವಿಷಯಕ್ಕೆ ಇಷ್ಟು ಜಿಪುಣರು ಬೇರೆ ಯಾರೂ ಸಿಗಲಾರರು. ಆ ನೀರಾದರೂ ಎಲ್ಲಿಯದು? ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪು ಹತ್ತಿಸಿ ತಂದ ಕಾವೇರಿ. ಅದು ಪಶ್ಚಿಮ ಬೆಂಗಳೂರಿಗರ ಹೊಟ್ಟೆಯೊಳಗೆ ಹಾದು, ಚರಂಡಿಯಿಂದ ವೃಷಭಾವತಿಗೆ ಇಳಿದು, ಕೆಂಗೇರಿ ದಾಟಿ, ಅರ್ಕಾವತಿಯ ಜೊತೆಗೂಡಿ ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಸೇರುತ್ತದೆ. ಸಂಗಮವು ನೀರೆತ್ತುವ ಜಾಗಕ್ಕಿಂತ ಕೆಳಗಿರುವುದು ರಾಜಾಜಿನಗರದವರ ಪುಣ್ಯ.

ಪಿಂಡಗಳಿಂದ ಹೊರಟ ಮೂತ್ರ ಎರಡು ಸಣ್ಣ ನಾಳಗಳಲ್ಲಿ ಇಳಿದು ಮೂತ್ರಕೋಶದಲ್ಲಿ ಕೂಡಿಕೊಳ್ಳುತ್ತದೆ. 200 ಮಿಲಿಲೀಟರ್ ಆಗುವ ಹೊತ್ತಿಗೆ ಮೊದಲ ಸೂಚನೆ. 400ರಿಂದ 500ಕ್ಕೆ ಕೋಶ ತುಂಬಿತು. ಆಗ ಕೋಶದ ಸ್ನಾಯು ಹಿಂಡಬೇಕು, ಕೆಳಗಿನ ಬಿಗಿ ಸಡಿಲಬೇಕು. ಆದರೆ ಅಪ್ಪಣೆ ಮೆದುಳಿನದು. ಈ ಅಪ್ಪಣೆ ಕಾಯುವುದನ್ನು ಕಲಿಯಲು ಮಕ್ಕಳಿಗೆ ಎರಡು ಮೂರು ವರ್ಷ ಬೇಕು. ಶಾಲೆಗೆ ಸೇರಿದ ಮೇಲೆ ಮೆದುಳಿನ ಅಪ್ಪಣೆಯೊಂದೇ ಸಾಲದು; ಕಿರುಬೆರಳೆತ್ತಿ ಮಿಸ್‌ನ ಅಪ್ಪಣೆಯನ್ನೂ ಪಡೆಯಬೇಕು.

ದೊಡ್ಡವರಾದ ಗಂಡಸರು ಈ ಶಿಸ್ತನ್ನು ಮಾಗಡಿ ರಸ್ತೆಯ ಮೊದಲ ಕಾಂಪೌಂಡಿಗೇ ಒಪ್ಪಿಸಿಬಿಡುತ್ತಾರೆ. ಅವರನ್ನು ತಡೆಯಲೆಂದು ಮೊಣಕಾಲೆತ್ತರಕ್ಕೆ ಗಣಪತಿ, ಏಸು, ಮೆಕ್ಕಾ ಚಿತ್ರಗಳ ಟೈಲ್ಸ್ ಸಾಲಾಗಿ ಅಂಟಿಸಲಾಗುತ್ತದೆ. ಟೈಲ್ಸ್ ಮುಗಿದಲ್ಲಿಂದ ಗೋಡೆ ಒದ್ದೆ. ಹೆಂಗಸರಿಗೆ ಗೋಡೆಯ ಸೌಲಭ್ಯವೂ ಇಲ್ಲ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವವರು, ಬೀದಿ ಗುಡಿಸುವವರು ಬೆಳಗ್ಗೆಯಿಂದ ನೀರೇ ಕುಡಿಯದೆ ಸಮಸ್ಯೆ ಬಗೆಹರಿಸಿಕೊಳ್ಳುತ್ತಾರೆ. ಫಲ, ಉರಿಮೂತ್ರ. ಹೆಂಗಸರ ಮೂತ್ರದ್ವಾರದ ನಾಳ ನಾಲ್ಕೇ ಸೆಂಟಿಮೀಟರ್. ಕರುಳಿನ ಬ್ಯಾಕ್ಟೀರಿಯಾ ಸಲೀಸಾಗಿ ಒಳಗೆ ಹತ್ತುತ್ತದೆ. ಮನೆಯಲ್ಲಿ ಇದಕ್ಕೆ ‘ಉಷ್ಣ ಆಗಿದೆ’ ಎಂಬ ತೀರ್ಪು, ಎಳನೀರು, ಬಾರ್ಲಿ ನೀರು ಎಂಬ ಪರಿಹಾರ. ಕುಡಿಯುವುದು ಒಳ್ಳೆಯದೇ. ಆದರೆ ಉರಿ ನಿಲ್ಲದಿದ್ದರೆ ಬೇಕಾದದ್ದು ಮೂತ್ರಪರೀಕ್ಷೆ, ವೈದ್ಯರು ಬರೆದುಕೊಟ್ಟ ಆ್ಯಂಟಿಬಯಾಟಿಕ್. ಮೆಡಿಕಲ್ ಸ್ಟೋರಿನವರು ಊಹಿಸಿ ಕೊಟ್ಟ ಮಾತ್ರೆಯಲ್ಲ.

ಹೆರಿಗೆಯ ನಂತರವೋ ವಯಸ್ಸಾದಂತೆಯೋ ಶ್ರೋಣಿಯ ತಳದ ಸ್ನಾಯು ಸಡಿಲವಾದರೆ ಸೀನಿದರೂ ಕೆಮ್ಮಿದರೂ ನಾಲ್ಕು ಹನಿ ಜಾರುತ್ತದೆ. ಪಾರ್ಕಿನ ನಗೆಕೂಟದಲ್ಲಿ ಕೆಲವು ಅಜ್ಜಿಯರು ಅಳೆದು ತೂಗಿ ನಗುವುದರ ಕಾರಣ ಸಂಕೋಚದ ಸ್ವಭಾವವಲ್ಲ. ಆ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಕೆಲವು ತಿಂಗಳು ಬಿಡದೆ ಮಾಡಿದರೆ ಬಹಳ ಜನರಿಗೆ ಗುಣ ಕಾಣುತ್ತದೆ. ಅದು ಗೊತ್ತಿದ್ದರೆ ಮನಸಾರೆ ನಗಬಹುದಿತ್ತು.

ಐವತ್ತು ದಾಟಿದ ಅನೇಕ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಹಿಗ್ಗಿ ನಾಳವನ್ನು ಒತ್ತುತ್ತದೆ. ಧಾರೆ ಸಣ್ಣದು, ಶುರುವಾಗುವುದು ತಡ, ಮುಗಿಯಿತೆನ್ನುವಷ್ಟರಲ್ಲಿ ಮತ್ತೆ ಹನಿ. ರಾತ್ರಿ ಮೂರು ನಾಲ್ಕು ಸಲ ಏಳುವುದನ್ನು ಯಜಮಾನರು ‘ನಿದ್ದೆ ಬರ್ತಿಲ್ಲ’ ಎನ್ನುತ್ತಾರೆ. ಶುಗರ್ ಇದ್ದರೂ ಹೀಗಾಗುತ್ತದೆ, ಆದ್ದರಿಂದ ಎರಡನ್ನೂ ಪರೀಕ್ಷಿಸುವುದು ಕ್ಷೇಮ. ಪ್ರಾಸ್ಟೇಟಿಗೆ ಮಾತ್ರೆಗಳಿವೆ, ಸಾಲದಿದ್ದರೆ ಶಸ್ತ್ರಚಿಕಿತ್ಸೆಯಿದೆ.

ನಾಚಿಕೆ, ಮನೆಮದ್ದು ಎರಡನ್ನೂ ಬದಿಗಿಡಬೇಕಾದ ಸಂದರ್ಭಗಳು ಕೆಲವಿವೆ. ಚಳಿಜ್ವರದ ಜೊತೆ ಪಕ್ಕೆನೋವು ಬಂದರೆ, ಕೋಶ ತುಂಬಿದ್ದೂ ಮೂತ್ರ ಕಟ್ಟಿಕೊಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡು ತಾನಾಗಿ ನಿಂತರೂ, ನೋವೇ ಇಲ್ಲದಿದ್ದರೂ, ವೈದ್ಯರಿಗೆ ತೋರಿಸಲೇಬೇಕು.