ಲಿಂಡ್ಲಿ ಮರ್ರೆ ಸಾಹೇಬರಿಗೆ ಪುಣಜನೂರಿನಿಂದ ಒಂದು ದೂರು

ಮಹಾಸ್ವಾಮಿ,

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯ ಚೆಕ್‌ಪೋಸ್ಟ್ ಊರಿನಿಂದ ಸಾಷ್ಟಾಂಗ ನಮಸ್ಕಾರ. ತಾವು 1826ರಲ್ಲೇ ತೀರಿಕೊಂಡಿರಿ ಎಂಬ ಕಾರಣಕ್ಕೆ ದೂರು ಕೈಬಿಡುವಂತಿಲ್ಲ. ನ್ಯೂಯಾರ್ಕಿನಲ್ಲಿ ವಕೀಲರಾಗಿದ್ದು, ಇಂಗ್ಲೆಂಡಿನ ಯಾರ್ಕ್ ಬಳಿ ನೆಲೆಸಿ, 1795ರಲ್ಲಿ ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆಂದು ಬರೆದುಕೊಟ್ಟ ಇಂಗ್ಲಿಷ್ ವ್ಯಾಕರಣದಲ್ಲಿ ಪದಗಳನ್ನು ಒಂಬತ್ತು ಜಾತಿ ಮಾಡಿಟ್ಟಿರಿ. ಜಾತಿ ವಿಂಗಡಣೆ ನಮಗೇನು ಹೊಸದೇ? ಬೇಗ ಒಗ್ಗಿಕೊಂಡೆವು.

ಆದರೆ ಈ ಪದಗಳು ಜಾತಿಯಲ್ಲಿ ನಿಲ್ಲುತ್ತಿಲ್ಲ ಸ್ವಾಮಿ. ಕೊನೆಗೆ 'ಲಿ' ಇದ್ದರೆ ಅಡ್ವರ್ಬ್ ಎಂದು ನಮ್ಮ ಹೈಕಳು ಬಾಯಿಪಾಠ ಮಾಡಿದ್ದಾರೆ. ಆ ಲೆಕ್ಕಕ್ಕೆ ಲಿಂಡ್ಲಿ ಎಂಬ ತಾವೂ ಅಡ್ವರ್ಬೇ. 'ಫ್ರೆಂಡ್ಲಿ', 'ಲವ್ಲಿ' ಬಾಲವಿದ್ದೂ ಅಡ್ಜೆಕ್ಟಿವ್. 'ಫಾಸ್ಟ್' ಬಸ್ಸಿನ ಮುಂದೆ ನಿಂತರೆ ಅಡ್ಜೆಕ್ಟಿವ್, 'ರನ್' ಹಿಂದೆ ಓಡಿದರೆ ಅಡ್ವರ್ಬ್, ಏಕಾದಶಿ ದಿನ ಉಪವಾಸ ಕೂತರೆ ವರ್ಬ್! ಕಷ್ಟಪಟ್ಟು ಓದಿದ ಹುಡುಗ 'ಹಾರ್ಡ್'ಗೆ ಭಕ್ತಿಯಿಂದ 'ಲಿ' ಸೇರಿಸಿದರೆ ಬಹುತೇಕ ಓದಲೇ ಇಲ್ಲ ಎಂದಾಗುತ್ತದೆ.

ನಮ್ಮಲ್ಲಿ ನಾಮಪದಕ್ಕೆ 'ಚೆಂದವಾದ', ಕ್ರಿಯಾಪದಕ್ಕೆ 'ಚೆಂದವಾಗಿ'. ಈ ಅಚ್ಚುಕಟ್ಟೇ ನಮಗೆ ಮುಳುವಾಯಿತು. 'ಅವಳು ಚೆಂದವಾಗಿದ್ದಾಳೆ' ಎಂಬುದನ್ನು ಇಂಗ್ಲಿಷಿಗೆ ತರುವಾಗ, 'ಆಗಿ' ಇದೆಯಲ್ಲ ಎಂದು 'ಬ್ಯೂಟಿಫುಲ್ಲಿ' ಬರೆದು ಅಂಕ ಕಳೆದುಕೊಳ್ಳುತ್ತಾರೆ. 'ಈಸ್' ಆದಮೇಲೆ ಬರುವ ಪದ ಅವಳ ಗುಣ ಹೇಳುತ್ತದೆ, ಕೆಲಸದ ರೀತಿಯನ್ನಲ್ಲ. 'ಲುಕ್ಸ್', 'ಸ್ಮೆಲ್ಸ್', 'ಟೇಸ್ಟ್ಸ್' ಇವಕ್ಕೂ ಹೆಚ್ಚಾಗಿ ಇದೇ ನ್ಯಾಯ. ಸಾರು ರುಚಿಯಾಗಿದ್ದರೆ 'ಗುಡ್', ಸಾರು ಮಾಡಿದವಳು ಚೆನ್ನಾಗಿ ಅಡುಗೆ ಮಾಡಿದರೆ 'ವೆಲ್'. ಇದನ್ನು ಬಿಡಿಸಿ ಹೇಳುವ ಬದಲು ವ್ಯಾಖ್ಯೆ ಉರು ಹೊಡೆಸುವುದೇ ಪಾಠವೆನಿಸಿಕೊಂಡಿದೆ.

ಅಡ್ಜೆಕ್ಟಿವನ್ನು ಅಡ್ವರ್ಬಿನ ಜಾಗದಲ್ಲಿ ಕೂರಿಸುವುದು ತಪ್ಪೆಂದು ತಾವು ತೀರ್ಪಿತ್ತಿರಿ. 'ಎಕ್ಸಲೆಂಟ್ ವೆಲ್' ಎಂಬ ಪ್ರಯೋಗ ತಪ್ಪಿನ ಪಟ್ಟಿಗೆ ಹೋಯಿತು. ಅದು ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಆಡಿದ ಮಾತು! ನಮ್ಮ ಕನ್ನಡದ ವೈಯಾಕರಣ ಕೇಶಿರಾಜ 13ನೇ ಶತಮಾನದಲ್ಲೇ ಹಿಂದಿನ ಕವಿಗಳ ಹೆಸರು ಹೇಳಿ, ಅವರ ಪ್ರಯೋಗವೇ ತನಗೆ ಆಧಾರವೆಂದ. ತಾವೋ ಕವಿಯನ್ನೇ ಕಟಕಟೆಗೆ ಹತ್ತಿಸಿದಿರಿ. ವಕೀಲರಲ್ಲವೇ.

ಇನ್ನು ಕಾಡಿನ ರಸ್ತೆಯ 'ಗೋ ಸ್ಲೋ' ಫಲಕ. ತಮ್ಮ ಕಟ್ಟಳೆಯಂತೆ ಅದಕ್ಕೂ 'ಲಿ' ಬಾಲ ಬರೆಸಬೇಕು. ದಯವಿಟ್ಟು ಬೇಡ. ಆನೆ ಕಂಡು ಬ್ರೇಕು ಒತ್ತುವವನಿಗೆ ಅಲ್ಲಿ 'ಸ್ಲೋ' ಅಡ್ವರ್ಬೇ, ಇಂಗ್ಲಿಷಿನ ನಿಘಂಟುಗಳೂ ಒಪ್ಪಿವೆ.

ನಮ್ಮ ಮೇಷ್ಟ್ರುಗಳಲ್ಲೂ ಒಂದು ಅರಿಕೆ: ಪದದ ಬಾಲ ಹಿಡಿಯುವುದನ್ನು ಬಿಟ್ಟು, ಅದು ವಾಕ್ಯದಲ್ಲಿ ಯಾವುದರ ಬಗ್ಗೆ ಹೇಳುತ್ತಿದೆ ಎಂದು ಮಕ್ಕಳನ್ನು ಕೇಳಿ.

ಇತಿ ತಮ್ಮ ವಿಧೇಯ,
ಪುಣಜನೂರಿನವ